ಸಣ್ಣ ಬೋಟಲ್ಲಿ ಎರಚಲು ಹೊಡೆದು ಮೈಯೆಲ್ಲ ಒದ್ದೆ ಆಗ್ತಾ ಉಂಟಾ? ಸ್ಪ್ರೇ ರೇಲ್ ಹಾಕ್ಸೋ ಮೊದಲು ಮತ್ತೆ ಹಾಕ್ಸಿದ ಮೇಲೆ ನೋಡ್ಬೇಕಾದ್ದು

14ರಿಂದ 18 ಅಡಿ ಫೈಬರ್ ಬೋಟು, ಹಿಂದೆ 25 ಅಥವಾ 40 ಎಚ್‌ಪಿ ಔಟ್‌ಬೋರ್ಡ್ ಇಂಜಿನ್ ಇಟ್ಕೊಂಡವರು ಮಲ್ಪೆ, ಕೋಡಿ ಬೆಂಗ್ರೆ, ಗಂಗೊಳ್ಳಿ, ಕಾರವಾರ ಕಡೆ ಸುಮಾರು ಜನ ಇದ್ದಾರೆ, ಹೆಚ್ಚಿನವರದ್ದು ಒಂದೇ ದೂರು. ಬೆಳಿಗ್ಗೆ ಅಲೆ ಇಲ್ಲದಾಗ ತೊಂದ್ರೆ ಇಲ್ಲ, ಮಧ್ಯಾಹ್ನ ಕಳೆದು ವಾಯುವ್ಯದ ಗಾಳಿ ಎದ್ದ ಮೇಲೆ ಸೇಂಟ್ ಮೇರೀಸ್ ದ್ವೀಪದ ಕಡೆ ಮೂತಿ ತಿರುಗಿಸಿದ್ರೆ ಕೂತವರ ಮುಖಕ್ಕೆಲ್ಲ ಉಪ್ಪುನೀರು. ಕೂಡ್ಲೆ ಯಾರಾದ್ರೂ ಹೇಳ್ತಾರೆ, ಸ್ಪ್ರೇ ರೇಲ್ ಹಾಕ್ಸಿ ಅಂತ.

ಸ್ಪ್ರೇ ರೇಲ್ ಅಂದ್ರೆ ಬೋಟಿನ ಎರಡೂ ಪಕ್ಕ, ಮೂತಿಯಿಂದ ಹಿಂದಕ್ಕೆ ಉದ್ದಕ್ಕೆ ಅಂಟಿಸೋ ಪಟ್ಟಿ. ಬೋಟಿನ ಬಾಡಿಗೆ, ಅಂದ್ರೆ ಹೊರಮೈಗೆ, ಅಂಟಿಕೊಂಡು ಮೇಲೆ ಹತ್ತುವ ನೀರನ್ನ ಅದು ಹೊರಗೆ, ಕೆಳಗೆ ತಳ್ತದೆ. ಸರಿಯಾಗಿ ಹಾಕಿದ್ರೆ ನಿಜವಾಗಿ ಉಪಯೋಗ ಉಂಟು. ಆದ್ರೆ ಮೂತಿ ಭಾರ ಆಗಿರೋ ಬೋಟನ್ನ ರೇಲ್ ಸರಿ ಮಾಡುದಿಲ್ಲ, ಇಂಜಿನ್ ಕೂರಿಸಿದ್ದು ತಪ್ಪಿದ್ರೆ ಅದನ್ನೂ ಸರಿ ಮಾಡುದಿಲ್ಲ. ಒಮ್ಮೆ ಬಾಡಿಗೆ ಅಂಟಿಸಿದ್ದನ್ನ ಕಿತ್ತು ತೆಗೆಯೋದು ಹಾಕೋದಕ್ಕಿಂತ ದೊಡ್ಡ ಕೆಲಸ. ಅದಕ್ಕೆ ಖರ್ಚಿಲ್ಲದ್ದನ್ನ ಮೊದಲು ನೋಡುವ.

ಅರ್ಧ ಥ್ರಾಟಲಲ್ಲಿ ಒದ್ದೆ, ಸ್ಪೀಡ್ ಹಿಡಿದ್ರೆ ಕಮ್ಮಿ

ಇದು ಬೋಟಿನ ದೋಷವೇ ಅಲ್ಲ. ಪ್ಲೇನ್ ಆಗೋ ಬೋಟು ನಿಧಾನಕ್ಕೆ ಹೋಗುವಾಗ ನೀರನ್ನ ಸೀಳಿಕೊಂಡು ಹೋಗ್ತದೆ, ಪೂರ್ತಿ ಸ್ಪೀಡಲ್ಲಿ ನೀರಿನ ಮೇಲೆ ಹತ್ತಿ ಜಾರ್ತದೆ (ಇದಕ್ಕೇ ಪ್ಲೇನ್ ಆಗೋದು ಅಂತಾರೆ), ಈ ಎರಡರ ನಡುವೆ ಒಂದು ಕೆಟ್ಟ ಜಾಗ ಉಂಟು, ಅಲ್ಲಿ ತಾನೇ ಎಬ್ಬಿಸಿದ ಅಲೆಯನ್ನ ಹತ್ಲಿಕ್ಕೆ ಒದ್ದಾಡ್ತಾ ಇರ್ತದೆ, ಪೆಟ್ರೋಲ್ ಜಾಸ್ತಿ ಕುಡೀತದೆ, ಎರಚಲೂ ಅಲ್ಲೇ ಜಾಸ್ತಿ. ಪೆಟ್ರೋಲ್ ಉಳಿಸ್ಲಿಕ್ಕೆ ಅಂತ ಅರ್ಧ ಥ್ರಾಟಲಲ್ಲಿ ಓಡಿಸೋರು ಇಲ್ಲೇ ಸಿಕ್ಕಿಹಾಕಿಕೊಳ್ಳೋದು.

ಮಾಡ್ಬೇಕಾದ್ದು ಇಷ್ಟೇ. ಅಲೆ ಕಮ್ಮಿ ಇದ್ರೆ ಪೂರ್ತಿ ಪ್ಲೇನಿಗೆ ತಂದು ಆಮೇಲೆ ಥ್ರಾಟಲ್ ಸ್ವಲ್ಪ ಇಳಿಸಿ, ಅಲೆ ಜಾಸ್ತಿ ಇದ್ರೆ ಪೂರ್ತಿ ನಿಧಾನ ಮಾಡಿ. ಪೂರ್ತಿ ಥ್ರಾಟಲ್ ಕೊಟ್ರೂ ಬೋಟು ಪ್ಲೇನ್ ಆಗ್ತಾನೇ ಇಲ್ಲ ಅಂದ್ರೆ ಒಂದೋ ಭಾರ ಜಾಸ್ತಿ ಆಗಿದೆ, ಇಲ್ಲ ಇಂಜಿನ್ ಸಾಲ್ತಾ ಇಲ್ಲ, ಇಲ್ಲ ಪ್ರೊಪೆಲರ್ ಹೊಂದ್ತಾ ಇಲ್ಲ. ಅದು ಬೇರೆಯೇ ಸಮಸ್ಯೆ, ರೇಲ್‌ಗೆ ಸಂಬಂಧ ಇಲ್ಲ.

ಯಾವ ಸ್ಪೀಡಲ್ಲೂ ಮೂತಿ ಕೆಳಗೆ, ಎದುರಿಂದ ನೀರು ಏಳ್ತದೆ

ಹೆಚ್ಚಿನವರ ತೊಂದ್ರೆ ಇದೇ, ಮತ್ತೆ ಇದಕ್ಕೆ ಒಂದು ರೂಪಾಯಿ ಖರ್ಚೂ ಬೇಡ. ಮೂತಿ ತಗ್ಗಿದ್ರೆ ಬೋಟಿನ ಚೂಪು ಭಾಗ ಆಳಕ್ಕೆ ಇಳೀತದೆ, ನೀರು ಮುಂದಿನಿಂದಲೇ ಎರಡೂ ಕಡೆ ಎದ್ದು ಬರ್ತದೆ, ಗಾಳಿ ಅದನ್ನ ಎತ್ತಿ ಒಳಗೆ ಹಾಕ್ತದೆ.

ಮೊದಲು ಭಾರ ನೋಡಿ. ಲಂಗರು, ಹಗ್ಗ, ಐಸ್ ಬಾಕ್ಸ್, ಬಲೆ ಎಲ್ಲ ಮೂತಿಯಲ್ಲೇ ತುಂಬಿಸಿಡೋದು ನಮ್ಮಲ್ಲಿ ಅಭ್ಯಾಸ. ಪೆಟ್ರೋಲ್ ಲೀಟರಿಗೆ ಸುಮಾರು ಮುಕ್ಕಾಲು ಕೆಜಿ, 25 ಲೀಟರಿನ ಟ್ಯಾಂಕ್ ಮುಂದೆ ಇಟ್ರೆ ಪೆಟ್ರೋಲೇ 18-19 ಕೆಜಿ ಆಯ್ತು. ಜನ ಬೇರೆ ಮುಂದಿನ ಸೀಟಲ್ಲಿ ಕೂರ್ತಾರೆ. ಎಲ್ಲ ನಡುವಿಂದ ಸ್ವಲ್ಪ ಹಿಂದಕ್ಕೆ ತಂದು ಅದೇ ದಾರಿಯಲ್ಲಿ ಅದೇ ಗಾಳಿಗೆ ಒಂದು ಸುತ್ತು ಹೋಗಿ ಬನ್ನಿ. ಆಚೆ ಟ್ಯಾಂಕ್ ಈಚೆ ಇಟ್ಟಷ್ಟಕ್ಕೆ ಇಷ್ಟು ವ್ಯತ್ಯಾಸವಾ ಅಂತ ಅನ್ನಿಸುವಷ್ಟು ಬದಲಾಗ್ತದೆ.

ಆಮೇಲೆ ಟಿಲ್ಟ್ ಪಿನ್. ಸಣ್ಣ ಔಟ್‌ಬೋರ್ಡಿನ ಬ್ರಾಕೆಟಲ್ಲಿ ಸಾಲಾಗಿ ನಾಲ್ಕೈದು ತೂತು ಇರ್ತದೆ, ಅದರೊಳಗೆ ಒಂದು ಪಿನ್. ಪಿನ್ ಬೋಟಿಗೆ ಅತೀ ಹತ್ತಿರದ ತೂತಲ್ಲಿ ಇದ್ರೆ ಇಂಜಿನ್ ಒಳಗೆ ಬಾಗಿ ಮೂತಿಯನ್ನ ಕೆಳಗೆ ಒತ್ತುತ್ತದೆ. ಇಂಜಿನ್ ಆಫ್ ಮಾಡಿ, ಪಿನ್ ಒಂದೇ ಒಂದು ತೂತು ಹೊರಗೆ ಹಾಕಿ ನೋಡಿ. ಒಟ್ಟಿಗೆ ಎರಡು ಮೂರು ತೂತು ದಾಟ್ಸಬೇಡಿ, ಮೂತಿ ಜಾಸ್ತಿ ಎದ್ರೆ ಬೋಟು ಎದ್ದು ಬಿದ್ದು ಎದ್ದು ಬಿದ್ದು ಹೋಗ್ಲಿಕ್ಕೆ ಶುರು ಮಾಡ್ತದೆ, ಸ್ಟಿಯರಿಂಗೂ ಹಗುರ ಆಗ್ತದೆ. ಹಾಗೆ ಆದ್ರೆ ಒಂದು ತೂತು ವಾಪಸ್. ಪವರ್ ಟ್ರಿಮ್ (ಇಂಜಿನ್ ಬಾಗೋದನ್ನ ಮೋಟಾರಲ್ಲಿ ಬದಲಿಸೋದು) ಇದ್ದವರಿಗೆ ಇದು ಬಟನಿನ ಕೆಲಸ, ಓಡ್ತಾ ಇರುವಾಗಲೇ ಸ್ವಲ್ಪ ಸ್ವಲ್ಪ ಮಾಡಿ ನೋಡ್ಬಹುದು.

ಇದೆಲ್ಲ ಆದ್ರೂ ಬೋಟು ಮೊದಲಿಗಿಂತ ಭಾರ ಅನ್ನಿಸ್ತದಾ, ದಡಕ್ಕೆ ಎಳೀಲಿಕ್ಕೆ ಜನ ಜಾಸ್ತಿ ಬೇಕಾಗ್ತದಾ? ಹಾಗಿದ್ರೆ ಒಳಗೆ ನೀರು ಸೇರಿರ್ಬಹುದು. ದಡದಲ್ಲಿ ಮೂತಿ ಎತ್ತರ ಮಾಡಿ ನಿಲ್ಲಿಸಿ, ಹಿಂದಿನ ಡ್ರೈನ್ ಪ್ಲಗ್ ತೆಗೆದು, ಕೆಳಗೆ ಬಕೆಟ್ ಇಟ್ಟು ರಾತ್ರಿ ಇಡೀ ಬಿಡಿ. ಒಂದು ಲೀಟರ್ ನೀರು ಒಂದು ಕೆಜಿ, ಲೆಕ್ಕ ಸುಲಭ. ಬೆಳಿಗ್ಗೆ ಬಕೆಟ್ ತುಂಬಿದ್ರೆ ಎಲ್ಲಿಂದ ಬರ್ತದೆ ಅಂತ ಹುಡುಕಿ. ಹಳೇ ಬೋಟಲ್ಲಿ ಡೆಕ್ ಕೆಳಗಿನ ಫೋಮ್ ನೀರು ಕುಡಿದಿದ್ರೆ ಅದು ಒಂದು ರಾತ್ರಿಯಲ್ಲಿ ಇಳಿಯೋದಿಲ್ಲ. ಅಲ್ಲಿಗೆ ನಿಲ್ಲಿಸಿ, ಫೈಬರ್ ಕೆಲಸದವರನ್ನ ಕರ್ಸಿ. ಫೋಮ್ ಒದ್ದೆ ಆದ ಬೋಟಿಗೆ ರೇಲ್ ಹಾಕ್ಸೋದು ದುಡ್ಡು ನೀರಿಗೆ ಹಾಕಿದ ಲೆಕ್ಕ, ಅಪಾಯ ಬೇರೆ, ಯಾಕಂದ್ರೆ ನೀರು ತುಂಬಿದ್ರೂ ತೇಲಿಸ್ಬೇಕಾದ್ದು ಅದೇ ಫೋಮ್.

ಒಂದೇ ಪಕ್ಕದಿಂದ ಎರಚಲು

ಗಾಳಿ ಯಾವ ಕಡೆಯಿಂದ ಬರ್ತದೋ ಆ ಪಕ್ಕ ಒದ್ದೆ ಆಗೋದು ಸಹಜ. ಪರೀಕ್ಷೆ ಸುಲಭ: ಅದೇ ಜಾಗದಲ್ಲಿ ತಿರುಗಿಸಿ ವಾಪಸ್ ಬನ್ನಿ. ಒದ್ದೆ ಆಗುವ ಪಕ್ಕ ಬದಲಾದ್ರೆ ಅದು ಗಾಳಿಯ ಕೆಲಸ. ಎರಡೂ ದಿಕ್ಕಲ್ಲಿ ಅದೇ ಪಕ್ಕ ಅಂದ್ರೆ ಬೋಟು ಆ ಕಡೆ ವಾಲಿದೆ. ಡ್ರೈವರ್, ಬ್ಯಾಟರಿ, ಟ್ಯಾಂಕ್ ಮೂರೂ ಒಂದೇ ಕಡೆ ಇರ್ತದೆ ಸಾಮಾನ್ಯವಾಗಿ. ಬ್ಯಾಟರಿ ಆಚೆ ಪಕ್ಕಕ್ಕೆ ಹಾಕಿ. ಎದುರು ಗಾಳಿಗೆ ನೇರ ಹೋಗದೆ ಸ್ವಲ್ಪ ಓರೆ ಹಿಡಿದು, ಜನರನ್ನ ಗಾಳಿ ಬಾರದ ಪಕ್ಕಕ್ಕೆ ಕೂರಿಸಿದ್ರೂ ಎಷ್ಟೋ ಒಣಗಿರ್ತಾರೆ.

ನೀರು ಹಿಂದಿನಿಂದ ಬರ್ತದೆ

ಹಿಂದೆ ಕೂತವರ ಬೆನ್ನು ಒದ್ದೆ ಆಗ್ತಾ ಉಂಟಾ? ಇದಕ್ಕೂ ರೇಲಿಗೂ ಸಂಬಂಧವೇ ಇಲ್ಲ. ಫಿಶ್ ಫೈಂಡರಿನ (ಮೀನು ಹುಡುಕುವ ಯಂತ್ರದ) ಸೆನ್ಸರ್ ಟ್ರಾನ್ಸಮ್, ಅಂದ್ರೆ ಇಂಜಿನ್ ಕೂರೋ ಹಿಂದಿನ ಗೋಡೆಯ, ಹಿಂದೆ ಜಾಸ್ತಿ ಕೆಳಗೆ ಇಳಿದಿದ್ರೆ ಅದೊಂದೇ ಕಾರಂಜಿ ಎಬ್ಬಿಸ್ತದೆ. ಅದು ಇಲ್ಲದಿದ್ರೆ ಇಂಜಿನ್ನಿನ ಎತ್ತರ ನೋಡಿ. ಪ್ರೊಪೆಲರಿನ ಮೇಲೆ ಅಗಲದ ಚಪ್ಪಟೆ ಪ್ಲೇಟ್ ಉಂಟಲ್ಲ, ಅದು ಬೋಟಿನ ತಳದ ಮಟ್ಟಕ್ಕೆ, ಇಲ್ಲ ಒಂದು ಇಂಚು ಮೇಲೆ ಇರ್ಬೇಕು. ಇಂಜಿನ್ನಿನ ಕಾಲಿನ ಉದ್ದದಲ್ಲಿ ಶಾರ್ಟ್ ಶಾಫ್ಟ್ 15 ಇಂಚು, ಲಾಂಗ್ ಶಾಫ್ಟ್ 20 ಇಂಚು, 15 ಇಂಚಿನ ಟ್ರಾನ್ಸಮಿಗೆ 20ರ ಇಂಜಿನ್ ಕೂರಿಸಿದ್ರೆ ಕಾಲು ಪೂರ್ತಿ ನೀರೊಳಗೆ ಮುಳುಗಿ ನೀರನ್ನ ಮೇಲಕ್ಕೆ ಚಿಮ್ಮಿಸ್ತದೆ. ಸೆಕೆಂಡ್ ಹ್ಯಾಂಡ್ ಇಂಜಿನ್ ತಗೊಂಡವರು ಇದನ್ನ ಟೇಪ್ ಹಿಡಿದು ಅಳೀಲೇಬೇಕು. ಬೋಟು ಓಡ್ತಾ ಇರುವಾಗ ಹಿಂದೆ ಬಗ್ಗಿ ನೋಡ್ಲಿಕ್ಕೆ ಹೋಗ್ಬೇಡಿ, ಬಿದ್ರೆ ಬೀಳೋದು ಪ್ರೊಪೆಲರಿನ ಹತ್ರ.

ಭಾರ ಸರಿ, ಟ್ರಿಮ್ ಸರಿ, ಆದ್ರೂ ಪಕ್ಕದಿಂದ ನೀರಿನ ಹಾಳೆ ಏಳ್ತದೆ

ಈಗ ರೇಲಿನ ವಿಷಯಕ್ಕೆ ಬರುವ. ಪಕ್ಕ ಮತ್ತೆ ತಳ ಸೇರೋ ಮೂಲೆ ಗುಂಡಗೆ ಇರೋ ಬೋಟುಗಳಲ್ಲಿ ಇದು ಜಾಸ್ತಿ, ಮೂಲೆ ಚೂಪಿದ್ರೆ ನೀರು ಅಲ್ಲೇ ಕಳಚಿಕೊಳ್ತದೆ, ಗುಂಡಗಿದ್ರೆ ಬಾಡಿಗೆ ಅಂಟಿಕೊಂಡೇ ಮೇಲೆ ಹತ್ತುತ್ತದೆ.

ರೇಲ್ ಎಲ್ಲಿ ಹಾಕ್ಬೇಕು ಅಂತ ಕಾರ್ಪೆಂಟರಿಗೂ ಗೊತ್ತಿರೋದಿಲ್ಲ, ಪಕ್ಕದ ಮನೆಯವರ ಬೋಟಿಗೂ ಗೊತ್ತಿರೋದಿಲ್ಲ, ನಿಮ್ಮ ಬೋಟೇ ಹೇಳ್ಬೇಕು. ಅಲೆ ಇಲ್ಲದ ಬೆಳಿಗ್ಗೆ, ಹೊಳೆಯಲ್ಲಿ, ಮಾಮೂಲಿ ಭಾರ ಹಾಕಿಕೊಂಡು ಮಾಮೂಲಿ ಸ್ಪೀಡಲ್ಲಿ ಓಡ್ಸಿ, ಸ್ನೇಹಿತರಿಗೆ ಇನ್ನೊಂದು ಬೋಟಲ್ಲಿ ಪಕ್ಕದಲ್ಲಿ ಸಾಕಷ್ಟು ದೂರ ಬಿಟ್ಟು ಬಂದು ಮೊಬೈಲಲ್ಲಿ ವಿಡಿಯೋ ಮಾಡ್ಲಿಕ್ಕೆ ಹೇಳಿ. ಎರಡೂ ಪಕ್ಕದ್ದು ಬೇಕು. ಹೊರಡೋ ಮೊದಲು ಬಾಡಿಯ ಮೇಲೆ ಒಂದೊಂದು ಅಡಿಗೆ ಬಣ್ಣದ ಟೇಪ್ ನಿಲುವಾಗಿ ಅಂಟಿಸಿ. ಆಮೇಲೆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದ್ರೆ ನೀರು ಎಷ್ಟನೇ ಟೇಪಿನ ಹತ್ರ, ಎಷ್ಟು ಎತ್ತರದಲ್ಲಿ ಬಾಡಿ ಬಿಟ್ಟು ಹಾರ್ತದೆ ಅಂತ ಗೊತ್ತಾಗ್ತದೆ. ರೇಲ್ ಕೂರ್ಬೇಕಾದ್ದು ಆ ಜಾಗಕ್ಕಿಂತ ಕೆಳಗೆ, ನೀರು ಇನ್ನೂ ಬಾಡಿ ಹತ್ತುತ್ತಾ ಇರುವಲ್ಲಿ. ಹಾರಿ ಹೋದ ನೀರಿನ ಮೇಲೆ ರೇಲ್ ಇಟ್ರೆ ಅದಕ್ಕೆ ಕೆಲಸವೇ ಇಲ್ಲ.

ಜಾಗ ಗೊತ್ತಾದ ಮೇಲೂ ಸೀದಾ ರೇಲ್ ಅಂಟಿಸೋ ರೆಸಿನ್ ಕಲಸಬೇಡಿ. ಮೂರು ನಾಲ್ಕು ಅಡಿ ಉದ್ದದ ಹಗುರ ಮರದ ಪಟ್ಟಿ ತಗೊಂಡು, ನಿಂತಾಗ ನೀರಿಗೆ ತಾಗದಷ್ಟು ಮೇಲೆ, ಒಂದೇ ಪಕ್ಕಕ್ಕೆ ಗಟ್ಟಿ ಟೇಪಲ್ಲಿ ಅಂಟಿಸಿ, ಕಿತ್ತು ಬಂದ್ರೆ ಪ್ರೊಪೆಲರ್ ತನಕ ಹೋಗದ ಹಾಗೆ ಗಿಡ್ಡ ಹಗ್ಗದಲ್ಲಿ ಮುಂದಕ್ಕೆ ಕಟ್ಟಿ. ನಿಧಾನಕ್ಕೆ ಸ್ಪೀಡ್ ಏರಿಸ್ತಾ ಹೋಗಿ. ಒಂದು ಪಕ್ಕ ರೇಲ್ ಉಂಟು, ಇನ್ನೊಂದು ಪಕ್ಕ ಇಲ್ಲ, ಒಂದೇ ಓಟದಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣ್ತದೆ. ಕಾಣದಿದ್ರೆ ಪಟ್ಟಿ ಮೇಲೆ ಕೆಳಗೆ ಮಾಡಿ ಇನ್ನೊಮ್ಮೆ. ಲೈಫ್ ಜಾಕೆಟ್ ಹಾಕಿ, ಕಿಲ್ ಸ್ವಿಚ್ಚಿನ (ಎಳೆದ್ರೆ ಇಂಜಿನ್ ನಿಲ್ಲೋ ಸ್ವಿಚ್ಚಿನ) ಬಳ್ಳಿ ಕೈಗೋ ಸೊಂಟಕ್ಕೋ ಸಿಕ್ಕಿಸಿಯೇ ಓಡ್ಸಿ. ಹೊಳೆ ಸಮುದ್ರ ಸೇರೋ ಅಳಿವೆ ಬಾಗಿಲಲ್ಲಿ ಈ ಪ್ರಯೋಗ ಯಾವತ್ತೂ ಬೇಡ.

ಅಳತೆ ವಿಷಯ. 16 ಅಡಿ ಬೋಟಿಗೆ ರೇಲಿನ ಕೆಳಮುಖ 40ರಿಂದ 50 ಮಿಲಿಮೀಟರ್ ಅಗಲ ಇದ್ರೆ ಸಾಕು, ಆ ಮುಖ ಹೊರಗಿನ ಅಂಚಿಗೆ ಬರುವಾಗ 5ರಿಂದ 10 ಡಿಗ್ರಿ ಕೆಳಗೆ ಬಾಗಿರ್ಬೇಕು. ಮೇಲ್ಮುಖ ಇಳಿಜಾರು, ಹಾಗಾಗಿ ಅಡ್ಡಕೊಯ್ದ್ರೆ ತ್ರಿಕೋನ. ಮೂತಿ ಕಡೆಯ ತುದಿ ಎಂಟು ಹತ್ತು ಇಂಚಿನಲ್ಲಿ ಸಪೂರ ಆಗ್ತಾ ಬಾಡಿಯಲ್ಲೇ ಸೇರಿಹೋಗ್ಬೇಕು, ದಪ್ಪ ತುದಿ ಬಿಟ್ರೆ ಪ್ರತೀ ಅಲೆಯೂ ಅದಕ್ಕೇ ಹೊಡೀತದೆ. ಎಲ್ಲಕ್ಕಿಂತ ಮುಖ್ಯ ಹೊರಗಿನ ಕೆಳ ಅಂಚು, ಅದು ಚೂಪಾಗಿರ್ಲೇಬೇಕು. ಕಿಟಕಿ ಮೇಲಿನ ಸಜ್ಜೆಯ ಅಡಿಯಲ್ಲಿ ಗಾರೆಯವರು ಅಂಚಿಗೆ ಉದ್ದಕ್ಕೆ ಒಂದು ಗೀರು ಬಿಡ್ತಾರಲ್ಲ, ಮಳೆನೀರು ಗೋಡೆಗೆ ವಾಪಸ್ ಹೋಗದೆ ಅಲ್ಲೇ ತೊಟ್ಟಿಕ್ಕಲಿ ಅಂತ, ಅದೇ ತತ್ವ ಇಲ್ಲಿ. ನೀರಿಗೆ ಗುಂಡಗಿನ ಮೈಗೆ ಅಂಟಿಕೊಂಡು ತಿರುಗುವ ಗುಣ ಉಂಟು, ಕೊಆಂಡಾ ಎಫೆಕ್ಟ್ ಅಂತಾರೆ, ಅಂಚು ಗುಂಡಗಿದ್ರೆ ನೀರು ರೇಲನ್ನೇ ಸುತ್ತಿಕೊಂಡು ಮೇಲೆ ಬರ್ತದೆ.

ಎರಡೂ ಪಕ್ಕ ಒಂದೇ ಎತ್ತರ, ಒಂದೇ ಉದ್ದ ಇರ್ಲೇಬೇಕು. ಬೋಟನ್ನ ಮಟ್ಟಕ್ಕೆ ನಿಲ್ಲಿಸಿ, ಗಾರೆಯವರ ನೀರು ತುಂಬಿದ ಲೆವೆಲ್ ಪೈಪಲ್ಲಿ ಗುರುತು ಹಾಕಿ, ಮೇಲಿನ ಅಂಚಿಂದ ಟೇಪಲ್ಲೂ ಅಳೆದು ತಾಳೆ ನೋಡಿ.

ಅಂಟಿಸುವಾಗ ಪೇಂಟ್, ಜೆಲ್‌ಕೋಟ್ (ಫೈಬರಿನ ಮೇಲಿನ ನುಣುಪು ಪದರ) ಎರಡೂ ಉಜ್ಜಿ ಕೆಳಗಿನ ಫೈಬರ್ ಕಾಣ್ಬೇಕು, ಅಸಿಟೋನಲ್ಲಿ ಒರೆಸ್ಬೇಕು. ಹಳೇ ಫೈಬರಿಗೆ ಪಾಲಿಯೆಸ್ಟರ್ ರೆಸಿನ್‌ಗಿಂತ ಎಪಾಕ್ಸಿ ಚೆನ್ನಾಗಿ ಹಿಡೀತದೆ, ರೇಟ್ ಜಾಸ್ತಿ ಆದ್ರೂ ಇಲ್ಲಿ ಅದೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಅಲೆ ಹೊಡೆಯೋದೇ ಆ ಜಾಯಿಂಟಿಗೆ. ಎಪಾಕ್ಸಿ ಆದ್ರೆ ನೇಯ್ದ ಗ್ಲಾಸ್ ಬಟ್ಟೆ ತಗೊಳ್ಳಿ, ಅಂಗಡಿಯ ಮಾಮೂಲಿ ಗ್ಲಾಸ್ ಮ್ಯಾಟ್ ಹೆಚ್ಚಾಗಿ ಎಪಾಕ್ಸಿಯಲ್ಲಿ ಮೆತ್ತಗಾಗಿ ಕೂರೋದಿಲ್ಲ. ಗ್ಲಾಸ್ ಬಟ್ಟೆ ಚೂಪು ಅಂಚಿಗೆ ಮಡಚೋದೂ ಇಲ್ಲ, ಅದಕ್ಕೆ ಮೊದಲು ಅಂಚು ಸ್ವಲ್ಪ ಗುಂಡಗೆ ಇಟ್ಟು ಬಟ್ಟೆ ಸುತ್ತಿ, ಆಮೇಲೆ ದಪ್ಪ ಮಾಡಿದ ಎಪಾಕ್ಸಿ ತುಂಬಿಸಿ, ಒಣಗಿದ ಮೇಲೆ ಮರದ ತುಂಡಿಗೆ ಸ್ಯಾಂಡ್ ಪೇಪರ್ ಸುತ್ತಿ ಉಜ್ಜಿ ಚೂಪು ಮಾಡ್ಬೇಕು.

ಎಚ್ಚರಿಕೆ, ಇದನ್ನ ದಯವಿಟ್ಟು ಹಾರಿಸ್ಬೇಡಿ. ಪಾಲಿಯೆಸ್ಟರ್ ರೆಸಿನ್ ತಗೊಂಡಾಗ ಕೋಬಾಲ್ಟ್ (ಗಟ್ಟಿಯಾಗೋದನ್ನ ಚುರುಕು ಮಾಡೋ ದ್ರವ) ಮತ್ತೆ ಎಂಇಕೆಪಿ ಹಾರ್ಡನರ್ (ಗಟ್ಟಿ ಮಾಡೋ ದ್ರವ) ಬೇರೆ ಬೇರೆ ಬಾಟಲಿಯಲ್ಲಿ ಕೊಡ್ತಾರೆ. ಈ ಎರಡನ್ನ ಯಾವತ್ತೂ ಒಂದಕ್ಕೊಂದು ನೇರ ಸೇರಿಸ್ಬಾರ್ದು, ಬೆಂಕಿ ಹತ್ತಿ ಸಿಡೀತದೆ. ಕೋಬಾಲ್ಟ್ ಮೊದಲು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್, ಎರಡನ್ನೂ ಅಳೀಲಿಕ್ಕೆ ಒಂದೇ ಚಮಚ ಬಳಸ್ಬೇಡಿ. ಹಾರ್ಡನರ್ ಕಣ್ಣಿಗೆ ಬಿದ್ರೆ ದೃಷ್ಟಿಯೇ ಹೋಗ್ಬಹುದು, ಸೇಫ್ಟಿ ಕನ್ನಡಕ ಹಾಕಿಯೇ ಕೆಲಸ ಮಾಡಿ, ಬಿದ್ರೆ ಕೂಡ್ಲೆ 15 ನಿಮಿಷ ಧಾರೆ ನೀರಲ್ಲಿ ತೊಳೆದು ಸೀದಾ ಆಸ್ಪತ್ರೆಗೆ. ಕಲಸಿ ಉಳಿದ ರೆಸಿನ್ ಡಬ್ಬದಲ್ಲೇ ಕಾದು ಹೊಗೆ ಬರ್ತದೆ, ಸ್ವಲ್ಪ ಸ್ವಲ್ಪವೇ ಕಲಸಿ. ಉಜ್ಜುವಾಗ ಎನ್95 ಮಾಸ್ಕ್, ತುಂಬು ತೋಳಿನ ಅಂಗಿ, ಮತ್ತೆ ಗ್ರೈಂಡರ್ ಹಿಡಿಯೋ ಮೊದಲು ಪೆಟ್ರೋಲ್ ಟ್ಯಾಂಕ್ ಬೋಟಿಂದ ಇಳಿಸಿ ದೂರ ಇಡಿ.

ಇನ್ನೊಂದು, ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ ಇರುವಾಗ ಬೋಟು ಹೇಗೂ ದಡದಲ್ಲಿ ಇರ್ತದೆ, ಆಗ ಮಾಡ್ಸುವ ಅಂತ ಸುಮಾರು ಜನ ಇಟ್ಟುಕೊಳ್ತಾರೆ. ಆ ತೇವದ ಗಾಳಿಯಲ್ಲಿ ಫೈಬರ್ ಕೆಲಸ ಹಿಡಿಯೋದಿಲ್ಲ. ಬಾಡಿ ಮುಟ್ಟಿ ನೋಡಿದ್ರೆ ಒಣಗಿದ ಹಾಗೆ ಇರ್ತದೆ, ಒಳಗೆ ತೇವ ಇರ್ತದೆ. ಪೂರ್ತಿ ಮುಚ್ಚಿದ ಶೆಡ್ ಇಲ್ಲದಿದ್ರೆ ಮೇ ತಿಂಗಳಲ್ಲೇ ಮುಗಿಸಿ, ಇಲ್ಲ ಮಳೆ ಪೂರ್ತಿ ಹೋಗ್ಲಿ.

ರೇಲ್ ಹಾಕಿ ಆಯ್ತು, ನೀರು ಇನ್ನೂ ಬರ್ತದೆ

ಮೊದಲು ಅಂಚಿನ ಮೇಲೆ ಬೆರಳು ಎಳೆದು ನೋಡಿ. ಹೆಚ್ಚಿನ ಸಲ ಅಲ್ಲೇ ಇರ್ತದೆ ಸಮಸ್ಯೆ. ಫಿನಿಶಿಂಗ್ ಚೆಂದ ಕಾಣ್ಲಿ ಅಂತ ಕೆಲಸದವರು ಪ್ರೀತಿಯಿಂದ ಉಜ್ಜಿ ಉಜ್ಜಿ ಅಂಚು ನುಣ್ಣಗೆ ಗುಂಡಗೆ ಮಾಡಿ, ಮೇಲೆ ಮೂರು ಕೋಟ್ ಪೇಂಟ್ ಹೊಡೆದು ಕೊಟ್ಟಿರ್ತಾರೆ. "ಅಣ್ಣ, ಅಂಚು ಚೂಪೇ ಇರ್ಲಿ, ಕೈಗೆ ತಾಗಿದ್ರೂ ಪರವಾಗಿಲ್ಲ" ಅಂತ ಮೊದಲೇ ಹೇಳಿಬಿಡಿ. ಆಗಿಹೋಗಿದ್ರೆ ಅಂಚಿಗೆ ಮಾತ್ರ ಎಪಾಕ್ಸಿ ತುಂಬಿಸಿ ಮತ್ತೆ ಚೂಪು ಮಾಡ್ಬಹುದು, ರೇಲ್ ಕೀಳ್ಬೇಕಂತಿಲ್ಲ.

ಅಂಚು ಸರಿ ಇದ್ರೆ ಕೆಳಮುಖಕ್ಕೆ ಸ್ಕೇಲ್ ಇಟ್ಟು ನೋಡಿ, ಹೊರಗೆ ಹೋಗ್ತಾ ಮೇಲಕ್ಕೆ ಬಾಗಿದ್ರೆ ನೀರು ಮೇಲಕ್ಕೇ ಚಿಮ್ತದೆ, ಮುಂಚಿಗಿಂತ ಜಾಸ್ತಿ ಒದ್ದೆ. ನೀರು ಈಗ ಮುಂದೆ ಬಾರದೆ ನಡುವಿಂದ ಬರ್ತದಾದ್ರೆ ರೇಲ್ ಗಿಡ್ಡ ಆಯ್ತು, ಹಿಂದಕ್ಕೆ ಉದ್ದ ಮಾಡಿ.

ರೇಲ್ ಹಾಕಿದ ಮೇಲೆ ಬೋಟಿನ ನಡೆಯೇ ಬದಲಾಯ್ತು

ಅಲೆಗೆ ಬಡಿತ ಜಾಸ್ತಿ ಆಯ್ತು ಅಂದ್ರೆ ರೇಲ್ ಅಗಲ ಜಾಸ್ತಿ, ಇಲ್ಲ ಜಾಸ್ತಿ ಕೆಳಗೆ ಕೂತಿದೆ. ಜೋರಾಗಿ ಬಡೀತಾ ಇದ್ರೆ ಹಾಗೇ ಓಡಿಸ್ಬೇಡಿ, ಅಗಲ ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿ ನೋಡಿ.

ತಿರುಗಿಸುವಾಗ ಇಂಜಿನ್ ಸೌಂಡ್ ಒಮ್ಮೆಲೇ ಏರಿ ಬೋಟು ಮುಂದೆ ಹೋಗದೆ ಇದ್ರೆ ಪ್ರೊಪೆಲರಿಗೆ ಗಾಳಿ ಸಿಗ್ತಾ ಉಂಟು. ತಳದಲ್ಲಿ ಕೀಲ್ (ತಳದ ನಡುಗೆರೆ) ಹತ್ತಿರವೂ ಪಟ್ಟಿ ಹಾಕ್ಸಿ, ಅದನ್ನ ಟ್ರಾನ್ಸಮ್ ತನಕ ಎಳೆದಿದ್ರೆ ಅದರ ಅಡಿಯ ಗಾಳಿಗುಳ್ಳೆ ಸೀದಾ ಪ್ರೊಪೆಲರಿಗೆ ಹೋಗ್ತದೆ. ನೀರೊಳಗೆ ಇರೋ ಒಳಗಿನ ಪಟ್ಟಿಗಳು ಟ್ರಾನ್ಸಮಿಗೆ ಎರಡು ಮೂರು ಅಡಿ ಮುಂಚೆಯೇ ಮುಗೀಬೇಕು, ಅಷ್ಟು ಕತ್ತರಿಸಿ ತೆಗೆದ್ರೆ ಸಾಮಾನ್ಯವಾಗಿ ಸರಿ ಆಗ್ತದೆ. ಪಕ್ಕದ ಮೂಲೆಯ ರೇಲ್ ಹಿಂದಿನ ತನಕ ಬಂದ್ರೆ ತೊಂದ್ರೆ ಕಮ್ಮಿ, ಅದು ಪ್ರೊಪೆಲರಿಂದ ದೂರ ಇರ್ತದೆ.

ಸ್ಪೀಡಲ್ಲಿ ಒಂದು ಕಡೆ ಎಳೀತದೆ, ಇಲ್ಲ ಎಡಕ್ಕೆ ಬಲಕ್ಕೆ ಓಲಾಡ್ತದೆ, ಇಲ್ಲ ಅಲೆಯಿಂದ ಇಳಿಯುವಾಗ ಮೂತಿ ತಾನೇ ಒಂದು ಕಡೆ ತಿರುಗಲಿಕ್ಕೆ ನೋಡ್ತದೆ ಅಂದ್ರೆ ಅಲ್ಲಿಗೇ ನಿಲ್ಲಿಸಿ. ಥ್ರಾಟಲ್ ನಿಧಾನಕ್ಕೆ ಇಳಿಸಿ, ದಡಕ್ಕೆ ಬನ್ನಿ. ಎರಡು ಪಕ್ಕದ ರೇಲು ಸಮ ಇಲ್ಲದಿರೋದು ಇದಕ್ಕೆ ಮಾಮೂಲಿ ಕಾರಣ, ಮೂತಿಯ ತುದಿಯಿಂದ ಎರಡೂ ಪಕ್ಕ ಅಳೆದು ನೋಡಿ. ಸರಿ ಮಾಡದೆ ಅಳಿವೆ ದಾಟ್ಲಿಕ್ಕೆ ಹೋಗ್ಬೇಡಿ, ಹಿಂದಿನಿಂದ ಬರೋ ಅಲೆಗೆ ಬೋಟು ಅಡ್ಡ ಆದ್ರೆ ಮಗುಚೋದು ಕ್ಷಣದ ಕೆಲಸ. ಅಳತೆ ಸರಿ ಇದ್ರೂ ಹಾಗೇ ಆದ್ರೆ ಬೋಟ್ ಕಟ್ಟುವವರ ಹತ್ರ ತೋರ್ಸಿ. ಪ್ರವಾಸಿಗರನ್ನ ಕೂರಿಸೋ ಬೋಟಾದ್ರೆ ಬೋಟ್ ಪರೀಕ್ಷೆ ಮಾಡೋ ಸರ್ವೇಯರಿಗೆ ಹೇಳದೆ ಬೋಟಿನ ಮೈಗೆ ಪಟ್ಟಿ ಹಾಕೋದೇ ಬೇಡ.

ರೇಲಿನ ಬುಡದಲ್ಲಿ ಗೆರೆ, ಇಲ್ಲ ಬೋಟೊಳಗೆ ನೀರು

ರೇಲ್ ಉದ್ದಕ್ಕೂ ನಾಣ್ಯದಲ್ಲಿ ತಟ್ಟಿ ನೋಡಿ. ಗಟ್ಟಿ ಶಬ್ದ ಬಂದ್ರೆ ಪೇಂಟ್ ಮಾತ್ರ ಬಿರುಕು ಬಿಟ್ಟಿದ್ದು, ಟೊಳ್ಳು ಶಬ್ದ ಬಂದಲ್ಲಿ ಅಂಟು ಬಿಟ್ಟಿದೆ, ಆ ಭಾಗ ಕಿತ್ತು ಮತ್ತೆ ಅಂಟಿಸ್ಬೇಕು. ಗೆರೆ ರೇಲ್ ದಾಟಿ ಬಾಡಿಯ ಕಡೆಗೆ ಹೋಗಿದ್ರೆ ಅದು ನೀವು ಫಿಲ್ಲರ್ ಹಾಕಿ ಮುಚ್ಚುವ ಕೆಲಸ ಅಲ್ಲ, ಫೈಬರ್ ಗೊತ್ತಿರೋರೇ ನೋಡ್ಬೇಕು, ಅಲ್ಲಿ ತನಕ ನೀರಿಗೆ ಇಳಿಸ್ಬೇಡಿ.

ಸ್ಕ್ರೂ ಹೊಡೆದು ಹಾಕಿದ ರೇಲಾದ್ರೆ ಪ್ರತೀ ಸ್ಕ್ರೂ ಒಂದು ತೂತು, ಬಾಡಿಯ ನಡುವೆ ಪ್ಲೈವುಡ್ ಉಂಟಾದ್ರೆ ಅದು ಒಳಗಿಂದಲೇ ಕೊಳೀತದೆ. ಒಂದು ಸ್ಕ್ರೂ ಬಿಚ್ಚಿ ನೋಡಿ. ಕಂದು ನೀರು ಬಂದ್ರೆ, ಇಲ್ಲ ಸ್ಕ್ರೂವಿನ ಎಳೆಗೆ ಮೆತ್ತಗಿನ ಮರದ ಚೂರು ಅಂಟಿದ್ರೆ ಉಳಿದದ್ದೂ ಬಿಚ್ಚಿ ನೋಡ್ಲೇಬೇಕು. ಒಣಗಿಯೇ ಇದ್ರೆ ತೂತು ಸ್ವಲ್ಪ ದೊಡ್ಡ ಮಾಡಿ, ಎಪಾಕ್ಸಿ ತುಂಬಿಸಿ, ಗಟ್ಟಿ ಆದ ಮೇಲೆ ಅದರ ನಡುವೆ ಹೊಸ ತೂತು ಕೊರೆದು, 316 ಸ್ಟೇನ್‌ಲೆಸ್ ಸ್ಕ್ರೂವನ್ನ ಪಾಲಿಯುರೇಥೇನ್ ಸೀಲೆಂಟ್ ಹಚ್ಚಿ ಹಾಕಿ. ಬಾತ್‌ರೂಮಿಗೆ ಹಾಕೋ ಸಿಲಿಕೋನ್ ಬೇಡ, ಅದು ಬೇಗ ಬಿಟ್ಟುಕೊಳ್ತದೆ, ಮತ್ತೆ ಒಮ್ಮೆ ಸಿಲಿಕೋನ್ ತಾಗಿದ ಜಾಗಕ್ಕೆ ಪೇಂಟೂ ಎಪಾಕ್ಸಿಯೂ ಸರಿಯಾಗಿ ಹಿಡಿಯೋದಿಲ್ಲ.